ನೀರುಗಪ್ಪೆಗೆ ಯಾವ ಅಕ್ವೇರಿಯಂ? ಅಳತೆಯಿಂದ ಮುಚ್ಚಳದವರೆಗೆ ಸಮಗ್ರ ಮಾರ್ಗದರ್ಶಿ

ನೀರುಗಪ್ಪೆ ಇಡೀ ಆಯುಷ್ಯವನ್ನು ನೀರಿನೊಳಗೇ ಕಳೆಯುತ್ತದೆ. ಆದರೆ ಅದಕ್ಕಿರುವುದು ಮೀನಿನ ಕಿವಿರಲ್ಲ, ಶ್ವಾಸಕೋಶ. ಚರ್ಮ ಒಂದಿಷ್ಟು ಆಮ್ಲಜನಕ ಹೀರಿದರೂ ಅಷ್ಟೇ ಸಾಲದು, ಆಗಾಗ ತಳದಿಂದ ಮೇಲಕ್ಕೆ ಈಜಿ ಬಂದು ಗಾಳಿ ನುಂಗಲೇಬೇಕು. ಮೀನಿಗೆಂದು ಮಾಡಿದ ಎತ್ತರದ, ನೋಡಲು ಅಂದವಾದ ತೊಟ್ಟಿ ಕಪ್ಪೆಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಕಪ್ಪೆಗೆ ಬೇಕಾದದ್ದು ಅಗಲವಾದ ತಳ, ತಗ್ಗಿನ ನೀರು ಮತ್ತು ಸಂದಿಲ್ಲದ ಮುಚ್ಚಳ. ಎಷ್ಟು ಲೀಟರ್ ಎಂಬ ಲೆಕ್ಕ ಇವುಗಳ ನಂತರದ್ದು.

ಹಂತ 1: ಕಪ್ಪೆ ಯಾವುದೆಂದು ಮೊದಲು ಖಚಿತ ಮಾಡಿಕೊಳ್ಳಿ

ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ನೀರುಗಪ್ಪೆಗಳು ಮುಖ್ಯವಾಗಿ ಎರಡು. ಎರಡೂ ಆಫ್ರಿಕಾ ಮೂಲದವು. ಮೊದಲನೆಯದು ಆಫ್ರಿಕನ್ ಡ್ವಾರ್ಫ್ ಫ್ರಾಗ್, ಅಂದರೆ ಕುಬ್ಜಗಪ್ಪೆ (ಹೈಮೆನೋಕೈರಸ್). ಪೂರ್ತಿ ಬೆಳೆದರೂ 3ರಿಂದ 4 ಸೆಂ.ಮೀ. ದಾಟುವುದು ಅಪರೂಪ. ಎರಡನೆಯದು ಆಫ್ರಿಕನ್ ಕ್ಲಾಡ್ ಫ್ರಾಗ್, ಉಗುರುಗಪ್ಪೆ (ಝೆನೋಪಸ್ ಲೇವಿಸ್). ಇದರ ಹೆಣ್ಣು 10ರಿಂದ 12 ಸೆಂ.ಮೀ.ವರೆಗೆ ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಮೇಲ್ಪಟ್ಟು ಬದುಕುತ್ತದೆ.

ತೊಂದರೆ ಇರುವುದು ಮರಿಗಳಲ್ಲಿ. 3 ಸೆಂ.ಮೀ. ಉದ್ದದ ಉಗುರುಗಪ್ಪೆ ಮರಿ ಕುಬ್ಜಗಪ್ಪೆಯ ಹಾಗೆಯೇ ಕಾಣುತ್ತದೆ, ಅದೇ ಹೆಸರಿನಲ್ಲಿ ಮಾರಾಟವೂ ಆಗುತ್ತದೆ. ಗುರುತಿಸಲು ಮುಂಗಾಲು ನೋಡಿ. ಕುಬ್ಜಗಪ್ಪೆಯ ನಾಲ್ಕೂ ಪಾದಗಳಲ್ಲಿ ಬೆರಳುಗಳ ನಡುವೆ ಪೊರೆ ಇರುತ್ತದೆ. ಉಗುರುಗಪ್ಪೆಯ ಮುಂಗಾಲಿನ ಬೆರಳುಗಳು ಪೊರೆಯಿಲ್ಲದೆ ಬಿಡಿಬಿಡಿಯಾಗಿ, ನೀಳವಾಗಿರುತ್ತವೆ. ಕಣ್ಣೂ ಸಹಾಯ ಮಾಡುತ್ತದೆ: ಕುಬ್ಜಗಪ್ಪೆಗೆ ತಲೆಯ ಪಕ್ಕದಲ್ಲಿ, ಉಗುರುಗಪ್ಪೆಗೆ ತಲೆಯ ಮೇಲ್ಭಾಗದಲ್ಲಿ. ಹಿಂಗಾಲಿನ ಕಪ್ಪು ಉಗುರನ್ನು ನೋಡಿ ತೀರ್ಮಾನಿಸಬೇಡಿ, ಅದು ಎರಡರಲ್ಲೂ ಇರುತ್ತದೆ. 'ಆಲ್ಬಿನೋ ಫ್ರಾಗ್' ಎಂದು ಮಾರುವ ಬಿಳಿ ಅಥವಾ ತಿಳಿಗುಲಾಬಿ ಕಪ್ಪೆ ಬಹುತೇಕ ಯಾವಾಗಲೂ ಉಗುರುಗಪ್ಪೆಯೇ.

ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಎಂದಿಗೂ ಇಡಬೇಡಿ. ಬಾಯಿಗೆ ಹಿಡಿಸುವ ಯಾವುದನ್ನೂ ಉಗುರುಗಪ್ಪೆ ನುಂಗುತ್ತದೆ, ಕುಬ್ಜಗಪ್ಪೆಯನ್ನೂ ಬಿಡುವುದಿಲ್ಲ. ಗದ್ದೆಯಿಂದಲೋ ಬಾವಿಯಿಂದಲೋ ಹಿಡಿದು ತಂದ ನಮ್ಮ ಊರಿನ ಕಪ್ಪೆಗಳಿಗೆ ಈ ಮಾರ್ಗದರ್ಶಿ ಅನ್ವಯಿಸುವುದಿಲ್ಲ. ಅವುಗಳಿಗೆ ನೆಲವೂ ಬೇಕು. ಅವು ಇರಬೇಕಾದದ್ದು ಗದ್ದೆಯಲ್ಲೇ.

ಹಂತ 2: ನಿಮ್ಮ ಊರಿನ ಹವೆಗೆ ಯಾವುದು ಹೊಂದುತ್ತದೆ

ತೊಟ್ಟಿಯ ಅಳತೆಗಿಂತ ಮೊದಲೇ ಇದನ್ನು ಯೋಚಿಸಬೇಕು. ಏಕೆಂದರೆ ನೀರನ್ನು ಬಿಸಿ ಮಾಡುವುದು ಸುಲಭ, ತಂಪು ಮಾಡುವುದು ಕಷ್ಟ, ದುಬಾರಿ ಕೂಡ. ಕುಬ್ಜಗಪ್ಪೆಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ನೀರು ಬೇಕು. ಉಗುರುಗಪ್ಪೆಗೆ ಬೇಕಾದದ್ದು 18ರಿಂದ 22 ಡಿಗ್ರಿ. ನೀರು ದಿನಗಟ್ಟಲೆ ಬೆಚ್ಚಗೇ ಇದ್ದರೆ ಅದರ ಹಸಿವು ಏರಿ ಗಲೀಜು ಹೆಚ್ಚುತ್ತದೆ, ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಬ್ಯಾಕ್ಟೀರಿಯಾ ಸೋಂಕು ಬೇಗ ಹಿಡಿಯುತ್ತದೆ.

ಹಾಗಾಗಿ ಕರ್ನಾಟಕದ ಬಹುಪಾಲು ಮನೆಗಳಿಗೆ ಕುಬ್ಜಗಪ್ಪೆಯೇ ಸರಿ. ಮಂಗಳೂರು, ಉಡುಪಿ, ಕಾರವಾರದಲ್ಲಿ ಅದಕ್ಕೆ ಹೀಟರ್ ಕೂಡ ಬೇಕಾಗುವುದು ಕಡಿಮೆ. ಬೆಂಗಳೂರು, ಮೈಸೂರಿನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಬೇಕೇ ಬೇಕು. ಉಗುರುಗಪ್ಪೆಯನ್ನು ವರ್ಷವಿಡೀ ಆರಾಮವಾಗಿ ಇಡಬಹುದಾದದ್ದು ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಪ್ರದೇಶಗಳಂಥ ತಂಪು ಜಾಗಗಳಲ್ಲಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ಅದನ್ನು ಸಾಕುವುದು ಆ ಜೀವಕ್ಕೆ ಹಿಂಸೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ಒಣಹವೆಯಲ್ಲಿ 2ರಿಂದ 3 ಡಿಗ್ರಿ ಇಳಿಯುತ್ತದೆ, ಅಷ್ಟೇ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟೂ ಇಳಿಯುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಕಾನೂನನ್ನೂ ನೋಡಿಕೊಳ್ಳಬೇಕು. ಉಗುರುಗಪ್ಪೆಯನ್ನು 1930ರ ದಶಕದಿಂದ ಗರ್ಭಧಾರಣೆ ಪರೀಕ್ಷೆಗೆಂದು, ಆಮೇಲೆ ಪ್ರಯೋಗಾಲಯಗಳಿಗೆಂದು ಜಗತ್ತಿನ ನಾನಾ ಕಡೆಗೆ ಸಾಗಿಸಲಾಯಿತು. ತಪ್ಪಿಸಿಕೊಂಡವು, ಬೇಡವೆಂದು ಬಿಟ್ಟವು ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್, ಸಿಸಿಲಿಯ ಕೆರೆಗಳಲ್ಲಿ ಬೇರೂರಿದವು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸಾಕುಪ್ರಾಣಿಯಾಗಿ ಇಟ್ಟುಕೊಳ್ಳುವಂತಿಲ್ಲ. ಐರೋಪ್ಯ ಒಕ್ಕೂಟ 2022ರಲ್ಲಿ ಇದನ್ನು ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ ಸಾಕಲಾಗದಿದ್ದರೆ ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಿಗೆ ಮಾಡಿದ ಹಾನಿ ಕಣ್ಣೆದುರಿಗೇ ಇದೆ.

ಹಂತ 3: ಅಳತೆಯ ಲೆಕ್ಕ

ಅಂಗಡಿಯಲ್ಲಿ '2 ಅಡಿ ಟ್ಯಾಂಕ್' ಎಂದರೆ ಉದ್ದ ಮಾತ್ರ ಹೇಳಿದಂತೆ. ಉದ್ದ, ಅಗಲ, ಎತ್ತರ ಮೂರನ್ನೂ ಇಂಚಿನಲ್ಲಿ ಕೇಳಿ. ಲೆಕ್ಕ ಸರಳ: ಉದ್ದ × ಅಗಲ × ನೀರಿನ ಎತ್ತರ, ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ತೊಟ್ಟಿಯ ಎತ್ತರ ಅಲ್ಲ, ನೀವು ತುಂಬಿಸಲಿರುವ ನೀರಿನ ಎತ್ತರ ಎಂಬುದನ್ನು ಮರೆಯಬೇಡಿ.

ಕುಬ್ಜಗಪ್ಪೆ ಒಂಟಿಯಾಗಿರುವ ಜೀವಿಯಲ್ಲ, ಕನಿಷ್ಠ 2 ಅಥವಾ 3 ಇರಲಿ. ತಲಾ 10 ಲೀಟರ್ ಲೆಕ್ಕ ಹಿಡಿದರೆ 2ಕ್ಕೆ 20 ಲೀಟರ್ ಸಾಕೆಂದು ಅನಿಸುತ್ತದೆ, ಹಾಗೆ ಇಡುವವರೂ ಇದ್ದಾರೆ. ಆದರೆ 20 ಲೀಟರ್ ನೀರಿನಲ್ಲಿ ಒಂದು ಹೊತ್ತಿನ ಆಹಾರ ಕೊಳೆತರೂ ವಿಷಕಾರಿ ಅಮೋನಿಯಾ ಏರಿಬಿಡುತ್ತದೆ, ಬಿಸಿಲು ಏರಿದ ಹಾಗೆ ನೀರೂ ಕಾಯುತ್ತದೆ. ನಮ್ಮ ಸಲಹೆ 24 × 12 × 12 ಇಂಚಿನ ತೊಟ್ಟಿ. 9 ಇಂಚು ನೀರು ತುಂಬಿಸಿದರೆ 24 × 12 × 9 ÷ 61, ಸುಮಾರು 42 ಲೀಟರ್. ಇದರಲ್ಲಿ 4 ಕುಬ್ಜಗಪ್ಪೆಗಳು ನೆಮ್ಮದಿಯಾಗಿರುತ್ತವೆ. ಜಾಗ ಕಡಿಮೆ ಇದ್ದರೆ 18 × 12 × 12 ತೆಗೆದುಕೊಳ್ಳಿ, 2 ಅಥವಾ 3 ಕಪ್ಪೆಗೆ ನಡೆಯುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಕುಬ್ಜಗಪ್ಪೆಗೆ ನೀರಿನ ಆಳ 12 ಇಂಚು ದಾಟಬಾರದು. ಆರೋಗ್ಯವಂತ ಕಪ್ಪೆ ಇನ್ನೂ ಮೇಲಕ್ಕೆ ಈಜಬಲ್ಲದು. ಆದರೆ ಚರ್ಮ ಕಳಚುವಾಗ, ಮೈಗೆ ಹುಷಾರಿಲ್ಲದಾಗ, ಮೊಟ್ಟೆ ತುಂಬಿ ಭಾರವಾದಾಗ ಅದೇ ಈಜು ಅದನ್ನು ಸುಸ್ತಾಗಿಸುತ್ತದೆ, ತೀರಾ ನಿತ್ರಾಣವಾದರೆ ಮುಳುಗಿ ಸಾಯುತ್ತದೆ.

ಉಗುರುಗಪ್ಪೆ ಒಂದಕ್ಕೆ 75 ಲೀಟರ್, ಜೊತೆಗೆ ಬರುವ ಪ್ರತಿಯೊಂದಕ್ಕೂ ಮತ್ತೆ 40 ಲೀಟರ್ ಎಂದು ಇಟ್ಟುಕೊಳ್ಳಿ. 36 × 18 × 15 ಇಂಚಿನ ತೊಟ್ಟಿಯಲ್ಲಿ 12 ಇಂಚು ನೀರು ನಿಂತರೆ ಸುಮಾರು 127 ಲೀಟರ್, 2 ಕಪ್ಪೆಗೆ ಸರಿಯಾಗುತ್ತದೆ. 36 × 15 ತಳದ ತೊಟ್ಟಿ ಅಗ್ಗವಾಗಿ ಸಿಗುತ್ತದೆ, ಆದರೆ ಅದೇ ನೀರಿನ ಎತ್ತರಕ್ಕೆ 106 ಲೀಟರ್ ಮಾತ್ರ ಹಿಡಿಯುವುದರಿಂದ ಎರಡಕ್ಕೆ ಬಿಗಿಯಾಗುತ್ತದೆ. ಮರಿಯಿದ್ದಾಗ ಚಿಕ್ಕದು ಸಾಕು, ಬೆಳೆದ ಮೇಲೆ ಬದಲಿಸೋಣ ಎಂದುಕೊಂಡರೆ ಎರಡು ತೊಟ್ಟಿಗೆ ಹಣ ತೆರಬೇಕಾಗುತ್ತದೆ. ಈ ಕಪ್ಪೆ ವರ್ಷದೊಳಗೇ ಸಾಕಷ್ಟು ಬೆಳೆದುಬಿಡುತ್ತದೆ.

ಗಾಜಿನ ಬೌಲ್, ಆರುಮೂಲೆಯ ಎತ್ತರದ ತೊಟ್ಟಿ, ಮೇಜಿನ ಮೇಲಿಡುವ 5 ಲೀಟರ್ ಕ್ಯೂಬ್ ಯಾವುದನ್ನೂ ಪರಿಗಣಿಸಬೇಡಿ. ಬೌಲ್‌ಗೆ ಮುಚ್ಚಳ ಕೂರುವುದಿಲ್ಲ, ಫಿಲ್ಟರ್ ಹಿಡಿಸುವುದಿಲ್ಲ.

ಹಂತ 4: ಗಾಜು, ಅಂಟು, ಸೋರಿಕೆ ಪರೀಕ್ಷೆ

ನಮ್ಮ ಊರುಗಳಲ್ಲಿ ಅಳತೆ ಕೊಟ್ಟು ತೊಟ್ಟಿ ಮಾಡಿಸುವುದು ಸುಲಭ, ಕಪ್ಪೆಗೆ ಅದೇ ಒಳ್ಳೆಯ ದಾರಿಯೂ ಹೌದು. 24 × 12 × 12ಕ್ಕೆ 5 ಮಿ.ಮೀ. ಗಾಜು ಸಾಕು, 36 × 18 × 15ಕ್ಕೆ 8 ಮಿ.ಮೀ. ಹಾಕಿಸಿ. ಗಾಜಿನ ಅಂಚುಗಳನ್ನೆಲ್ಲ ಉಜ್ಜಿ ನಯ ಮಾಡಿಸಿ.

ತಯಾರಕರಿಗೆ ಎರಡು ಮಾತು ಮುಂಚೆಯೇ ಹೇಳಿ. ಮೊದಲನೆಯದು, ಅಕ್ವೇರಿಯಂ ಸಿಲಿಕೋನ್ ಮಾತ್ರ ಬಳಸಬೇಕು. ಬಚ್ಚಲುಮನೆಗೆಂದು ಮಾರುವ ಸಿಲಿಕೋನ್‌ನಲ್ಲಿ ಶಿಲೀಂಧ್ರನಾಶಕ ಬೆರೆತಿರುತ್ತದೆ. ಕಪ್ಪೆಯ ಚರ್ಮ ನೀರಿನಲ್ಲಿ ಕರಗಿದ್ದನ್ನೆಲ್ಲ ಒಳಕ್ಕೆಳೆದುಕೊಳ್ಳುವುದರಿಂದ ಮೀನಿಗಿಂತ ಮೊದಲು ಅದಕ್ಕೇ ವಿಷವಾಗುತ್ತದೆ. ಎರಡನೆಯದು, ಮೇಲಂಚಿನಿಂದ 1 ಸೆಂ.ಮೀ. ಕೆಳಗೆ ಒಳಭಾಗದಲ್ಲಿ 1 ಇಂಚು ಅಗಲದ ಗಾಜಿನ ಪಟ್ಟಿ ಸುತ್ತ ಅಂಟಿಸಬೇಕು. ಮುಚ್ಚಳ ಈ ಪಟ್ಟಿಯ ಮೇಲೆ ತೊಟ್ಟಿಯ ಒಳಗೇ ಕೂರುತ್ತದೆ, ಕಪ್ಪೆ ಕೆಳಗಿನಿಂದ ಗುದ್ದಿದರೂ ಪಕ್ಕಕ್ಕೆ ಜಾರುವುದಿಲ್ಲ.

ತೊಟ್ಟಿ ಮನೆಗೆ ಬಂದ ಮೇಲೆ ಹೀಗೆ ಮಾಡಿ:

1. ಸಿಲಿಕೋನ್‌ನ ಹುಳಿವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಡಿ. ಅಂಟಿಸಿದ ಸಮಯದಿಂದ ಕನಿಷ್ಠ 72 ಗಂಟೆ ಕಾಯಿರಿ.
2. ಸಮತಟ್ಟಾದ ಗಟ್ಟಿ ಜಾಗದಲ್ಲಿ 10ರಿಂದ 12 ಮಿ.ಮೀ. ಥರ್ಮಾಕೋಲ್ ಹಾಳೆ ಹಾಸಿ ಅದರ ಮೇಲೆ ತೊಟ್ಟಿ ಇಡಿ. ಗಾಜಿನ ಅಡಿಗೆ ಮರಳಿನ ಒಂದು ಕಾಳು ಸಿಕ್ಕಿಕೊಂಡರೂ ಭಾರ ಬಿದ್ದಾಗ ಬಿರುಕು ಬಿಡಬಹುದು.
3. ಮೂಲೆಗಳ ಕೆಳಗೆ ಒಣ ಪತ್ರಿಕೆ ಹಾಸಿ, ಅಂಚಿನವರೆಗೆ ನೀರು ತುಂಬಿಸಿ 48 ಗಂಟೆ ಬಿಡಿ. ನಿಧಾನದ ಸೋರಿಕೆ ಕಣ್ಣಿಗೆ ಕಾಣದಿದ್ದರೂ ಪತ್ರಿಕೆ ಒದ್ದೆಯಾಗಿ ತಿಳಿಸುತ್ತದೆ.
4. ಆ ನೀರು ಚೆಲ್ಲಿ, ಸೋಪು ಮುಟ್ಟಿಸದೆ ಬರೀ ನೀರಿನಿಂದ ಎರಡು ಸಲ ತೊಳೆಯಿರಿ.

ಭಾರವನ್ನೂ ಅಂದಾಜಿಸಿ. ಮೇಲೆ ಹೇಳಿದ 2 ಅಡಿ ತೊಟ್ಟಿ ನೀರು, ಮರಳು ಸೇರಿ ಸುಮಾರು 60 ಕೆ.ಜಿ. ತೂಗುತ್ತದೆ, 3 ಅಡಿಯದು 160 ಕೆ.ಜಿ. ದಾಟುತ್ತದೆ. ಪುಸ್ತಕದ ಕಪಾಟು ಇದನ್ನು ತಾಳುವುದಿಲ್ಲ.

ಹಂತ 5: ಮುಚ್ಚಳ

ಕಪ್ಪೆ ಕಳೆದುಕೊಂಡವರಲ್ಲಿ ಬಹಳಷ್ಟು ಮಂದಿಗೆ ಅದು ಸಿಕ್ಕಿರುವುದು ಸೋಫಾದ ಕೆಳಗೆ, ಒಣಗಿ. ನೀರುಗಪ್ಪೆಯ ಚರ್ಮ ತೇವ ಹಿಡಿದಿಟ್ಟುಕೊಳ್ಳಲಾರದು. ಹೊರಬಿದ್ದ ಕುಬ್ಜಗಪ್ಪೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಫ್ಯಾನ್ ತಿರುಗುವ ಕೋಣೆಯಲ್ಲಿ ಇನ್ನೂ ಬೇಗ. ತೊಟ್ಟಿಗೆ ಖರ್ಚು ಮಾಡುವಷ್ಟೇ ಗಮನವನ್ನು ಮುಚ್ಚಳಕ್ಕೂ ಕೊಡಿ.

ಮುಚ್ಚಳದ ಮೂರರಲ್ಲಿ ಎರಡು ಭಾಗ 4 ಮಿ.ಮೀ. ಗಾಜು, ಉಳಿದದ್ದು ಗಾಳಿಯಾಡುವ ಜಾಲರಿ ಇರಲಿ. ತೆಳು ಅಕ್ರಿಲಿಕ್ ಹಾಳೆ ಕೆಳಗಿನ ತೇವಕ್ಕೆ ಬಾಗಿ ಮೂಲೆಗಳಲ್ಲಿ ಮೇಲೇಳುತ್ತದೆ, ಅಲ್ಲೇ ಸಂದು ಹುಟ್ಟುತ್ತದೆ. ಜಾಲರಿಗೆ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆಪರದೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಸತು ಲೇಪಿಸಿದ ಕಬ್ಬಿಣದ (ಜಿಐ) ಜಾಲರಿ ಬೇಡವೇ ಬೇಡ: ಅದರ ಮೇಲೆ ಕೂತ ನೀರಹನಿ ಸತುವನ್ನು ಕರಗಿಸಿಕೊಂಡು ತೊಟ್ಟಿಗೆ ತೊಟ್ಟಿಕ್ಕುತ್ತದೆ. ತಾಮ್ರವೂ ಅಷ್ಟೇ ಅಪಾಯ, ತಾಮ್ರ ಇರುವ ಮೀನಿನ ಔಷಧಿಗಳೂ ಕಪ್ಪೆಗೆ ವಿಷ.

ಏರ್ ಪೈಪ್, ಹೀಟರ್ ವೈರ್ ಹೋಗುವ ಕಿಂಡಿಗಳನ್ನು ಸ್ಪಂಜಿನ ತುಂಡಿನಿಂದ ಬಿಗಿಯಾಗಿ ಮುಚ್ಚಿ. ಕುಬ್ಜಗಪ್ಪೆ 1 ಸೆಂ.ಮೀ. ಸಂದಿನಲ್ಲೂ ನುಸುಳುತ್ತದೆ. ಉಗುರುಗಪ್ಪೆ ನುಸುಳುವುದಕ್ಕಿಂತ ಎತ್ತುವ ಜಾತಿ, ಅದಕ್ಕೆ ಮುಚ್ಚಳದ ಮೇಲೆ ತೂಕವೋ ಎರಡು ಕ್ಲಿಪ್ಪೋ ಇರಲೇಬೇಕು. ತೊಟ್ಟಿಯ ಮೇಲೆ ಕೂರುವ ಟಾಪ್ ಫಿಲ್ಟರ್ ತೆಗೆದುಕೊಂಡರೆ ಮುಚ್ಚಳ ಪೂರ್ತಿ ಕೂರದು, ಹಾಗಾಗಿ ಅದನ್ನು ಬಿಡಿ.

ನೀರಿಗೂ ಮುಚ್ಚಳಕ್ಕೂ ನಡುವೆ 2ರಿಂದ 3 ಇಂಚು ಜಾಗ ಖಾಲಿ ಬಿಡಬೇಕು. ಕಪ್ಪೆ ಉಸಿರಾಡುವ ಬೆಚ್ಚನೆಯ, ತೇವದ ಗಾಳಿ ಅಲ್ಲಿ ನಿಲ್ಲುತ್ತದೆ.

ಹಂತ 6: ಫಿಲ್ಟರ್ ಮತ್ತು ಹೀಟರ್

ಈ ಕಪ್ಪೆಗಳು ನೀರಿನ ಸಣ್ಣ ಅಲುಗಾಟವನ್ನೂ ಚರ್ಮದ ಮೇಲಿನ ಸೂಕ್ಷ್ಮ ಅಂಗಗಳಿಂದ ಗ್ರಹಿಸಿ ಬೇಟೆಯಾಡುತ್ತವೆ. ಜೋರಾಗಿ ನೀರು ಚಿಮ್ಮುವ ಪವರ್ ಫಿಲ್ಟರ್ ಹಾಕಿದರೆ ದಿನವಿಡೀ ಕಿವಿಯ ಬಳಿ ಮಿಕ್ಸಿ ಓಡಿಸಿದ ಹಾಗಾಗುತ್ತದೆ. ಅವು ಮೂಲೆ ಹಿಡಿದು ಕೂರುತ್ತವೆ, ತಿನ್ನುವುದು ಬಿಡುತ್ತವೆ. ಕುಬ್ಜಗಪ್ಪೆಗೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್‌ಗಿಂತ ಒಳ್ಳೆಯದಿಲ್ಲ. 9 ಇಂಚು ನೀರಿನೊಳಗೆ ಪೂರ್ತಿ ಮುಳುಗುವ ಗಿಡ್ಡ ಮಾದರಿ ಆರಿಸಿ. ಉಗುರುಗಪ್ಪೆಯ ಗಲೀಜಿಗೆ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಡಬ್ಬಿಯಂಥ ಫಿಲ್ಟರ್) ಬೇಕಾಗುತ್ತದೆ. ನೀರು ಹೊರಬರುವ ಕೊಳವೆಯನ್ನು ಗಾಜಿನ ಗೋಡೆಗೆ ತಿರುಗಿಸಿ ರಭಸ ಮುರಿಯಿರಿ, ನೀರೆಳೆಯುವ ಬಾಯಿಗೆ ಒರಟು ಸ್ಪಂಜ್ ತೊಡಿಸಿ. ಇಲ್ಲದಿದ್ದರೆ ಕಾಲ್ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಏರ್ ಪಂಪ್ ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿರಲಿ ಅಥವಾ ಪೈಪಿನ ನಡುವೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪ್ ಸುಡುವುದು, ನೆಲಕ್ಕೆ ಸುರಿಯುವುದು ನಮ್ಮಲ್ಲಿ ಸಾಮಾನ್ಯ. ಕರೆಂಟ್ ತಾಸುಗಟ್ಟಲೆ ಹೋಗುವ ಊರಾದರೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಕಪ್ಪೆಗೆ ಉಸಿರಿನ ತೊಂದರೆ ಆಗದಿದ್ದರೂ ಸ್ಪಂಜಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ.

ಪಂಪಿನ ವಿಚಾರದಲ್ಲಿ ಇನ್ನೊಂದು ಮಾತು, ಬಹಳ ಮುಖ್ಯವಾದದ್ದು: ಅದು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಸೊಳ್ಳೆಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆದ್ರವ, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಜಲಚರಗಳಿಗೆ ಘೋರ ವಿಷ. ಅವನ್ನು ಬಳಸುವ ಮಲಗುವ ಕೋಣೆ, ಊದುಬತ್ತಿಯ ಹೊಗೆ ತುಂಬುವ ದೇವರ ಕೋಣೆಯ ಪಕ್ಕ, ಒಗ್ಗರಣೆಯ ಎಣ್ಣೆಯಾವಿ ಬರುವ ಅಡುಗೆಮನೆ ಇವ್ಯಾವುದೂ ತೊಟ್ಟಿಗೆ ತಕ್ಕ ಜಾಗವಲ್ಲ. ನೇರ ಬಿಸಿಲು ಬೀಳುವ ಕಿಟಕಿಯೂ ಬೇಡ.

ಹೀಟರ್‌ಗೆ ಲೀಟರ್‌ಗೆ 1 ವ್ಯಾಟ್ ಲೆಕ್ಕ. 42 ಲೀಟರ್‌ಗೆ 50 ವ್ಯಾಟ್, ಥರ್ಮೋಸ್ಟಾಟ್ ಇರುವಂಥದ್ದು. ನೀರು 9 ಇಂಚು ಮಾತ್ರ ಇರುವುದರಿಂದ ಉದ್ದದ ಹೀಟರನ್ನು ನೆಟ್ಟಗೆ ನಿಲ್ಲಿಸಿದರೆ ತಲೆ ಹೊರಗೆ ಉಳಿದು ಹೀಟರಿನ ಗಾಜು ಒಡೆಯುತ್ತದೆ. ಪೂರ್ತಿ ಮುಳುಗಿಸಬಹುದಾದ ಮಾದರಿ ತಂದು ತಳದ ಹತ್ತಿರ ಅಡ್ಡಲಾಗಿ ಕೂರಿಸಿ. ಸುತ್ತ ಪ್ಲಾಸ್ಟಿಕ್ ಗಾರ್ಡ್ ಕಡ್ಡಾಯ. ಬೆಚ್ಚಗಿದೆ ಎಂದು ಕಪ್ಪೆ ಅದಕ್ಕೇ ಅಂಟಿ ಕೂತು ಚರ್ಮ ಸುಟ್ಟುಕೊಳ್ಳುತ್ತದೆ. ಹೀಟರಿನ ಗುಂಡಿಯನ್ನು ನಂಬದೆ ಬೇರೊಂದು ಥರ್ಮಾಮೀಟರ್ ಇಟ್ಟು ನೋಡಿ.

ಹಂತ 7: ತಳ ಮತ್ತು ಅಡಗುತಾಣ

ಈ ಕಪ್ಪೆಗಳಿಗೆ ನಾಲಿಗೆಯಿಲ್ಲ. ಬಾಯಿ ತೆರೆದು ನೀರಿನ ಜೊತೆ ಆಹಾರವನ್ನು ಎಳೆದುಕೊಳ್ಳುತ್ತವೆ, ಆಗ ತಳದಲ್ಲಿದ್ದ ಜಲ್ಲಿಯೂ ಒಳಹೋಗುತ್ತದೆ. ಅಂಗಡಿಯ ಬಣ್ಣದ ಜಲ್ಲಿ ಕರುಳಿನಲ್ಲಿ ಸಿಕ್ಕಿ ಕಪ್ಪೆ ಸತ್ತ ನಿದರ್ಶನಗಳು ಬೇಕಾದಷ್ಟು. ಆದ್ದರಿಂದ ತಳದಲ್ಲಿ ನುಂಗಿದರೂ ದಾಟಿಹೋಗುವಷ್ಟು ನುಣುಪಾದ ಮರಳಿರಬೇಕು ಅಥವಾ ಕಪ್ಪೆಯ ತಲೆಗಿಂತ ದೊಡ್ಡ ಉರುಟು ಕಲ್ಲಿರಬೇಕು, ನಡುವಿನದು ಬೇಡ. ಎಂ-ಸ್ಯಾಂಡ್ ಕಲ್ಲು ಪುಡಿಮಾಡಿದ್ದು, ಅದರ ಚೂಪು ಅಂಚು ಚರ್ಮ ಕೊರೆಯುತ್ತದೆ. ಜರಡಿ ಹಿಡಿದ ಹೊಳೆಮರಳು ಅಥವಾ ಫಿಲ್ಟರ್‌ಗೆ ಬಳಸುವ ನಯವಾದ ಸಿಲಿಕಾ ಮರಳು ತನ್ನಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. 2 ಅಡಿ ತೊಟ್ಟಿಗೆ 2 ಸೆಂ.ಮೀ. ದಪ್ಪಕ್ಕೆ ಸುಮಾರು 6 ಕೆ.ಜಿ. ಬೇಕು. ಉಗುರುಗಪ್ಪೆಗೆ ಬರೀ ತಳವೇ ಶುಚಿಗೆ ಅನುಕೂಲ.

ಅಡಗಲು ಮಣ್ಣಿನ ಕುಂಡವನ್ನು ಅರ್ಧ ಸೀಳಿ ಅಂಚು ಉಜ್ಜಿ ಇಡಬಹುದು, ಕುದಿಸಿದ ತೆಂಗಿನ ಚಿಪ್ಪೂ ಆಗುತ್ತದೆ. ಅಡಗುತಾಣದ ಬಾಯಿ ಕಪ್ಪೆ ಒಳಗೆ ಹೋಗಿ ಸಲೀಸಾಗಿ ತಿರುಗಿ ಬರುವಷ್ಟು ಅಗಲವಿರಬೇಕು. ತಲೆ ತೂರುವ ಆದರೆ ಮೈ ಸಿಕ್ಕಿಕೊಳ್ಳುವ ತೂತು ಮರಣದ ಬೋನು, ಉಸಿರಿಗೆ ಮೇಲೆ ಬರಲಾಗದೆ ಕಪ್ಪೆ ಅಲ್ಲೇ ಮುಳುಗಿ ಸಾಯುತ್ತದೆ. ಕುಬ್ಜಗಪ್ಪೆಗೆ ಜಾವಾ ಫರ್ನ್, ಅನೂಬಿಯಸ್‌ನಂಥ ಅಗಲ ಎಲೆಯ ಗಿಡಗಳು ಮೇಲ್ಮೈ ಹತ್ತಿರ ಒರಗಿ ಕೂರಲು ಆಸರೆಯಾಗುತ್ತವೆ. ಉಗುರುಗಪ್ಪೆ ನೆಟ್ಟದ್ದನ್ನೆಲ್ಲ ಕಿತ್ತುಹಾಕುತ್ತದೆ.

ಹಂತ 8: ನೀರು, ಕಾಯುವಿಕೆ, ಕೊನೆಗೆ ಕಪ್ಪೆ

ನಲ್ಲಿ ನೀರಿನ ಕ್ಲೋರಿನ್ ಕಪ್ಪೆಯ ಚರ್ಮ ಸುಡುತ್ತದೆ. ಪ್ರತಿ ಸಲ ಆಂಟಿ-ಕ್ಲೋರಿನ್ ಹಾಕಿ. ಬೋರ್‌ವೆಲ್ ನೀರಿನ ಗಡಸುತನವನ್ನು ಇವು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಆದರೆ ಮೇಲೆ ಬಂದ ಕೂಡಲೇ ಅದರಲ್ಲಿ ಆಮ್ಲಜನಕ ಕಡಿಮೆ, ಬೇರೆ ಅನಿಲಗಳು ಹೆಚ್ಚು ಇರುತ್ತವೆ, ಬಕೆಟ್‌ನಲ್ಲಿ ರಾತ್ರಿಯಿಡೀ ಏರ್ ಸ್ಟೋನ್ (ಏರ್ ಪಂಪಿಗೆ ಜೋಡಿಸುವ, ಗುಳ್ಳೆ ಬಿಡುವ ಕಲ್ಲು) ಓಡಿಸಿ ಬಳಸಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಲವಣಗಳೇ ಇರುವುದಿಲ್ಲ.

ತೊಟ್ಟಿ ಸಿದ್ಧವಾದ ದಿನವೇ ಕಪ್ಪೆ ತರಬೇಡಿ. ಫಿಲ್ಟರ್ ಓಡಿಸಿ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ 4ರಿಂದ 6 ವಾರ ಬಿಡಿ. ಅದು ಕೊಳೆತು ಅಮೋನಿಯಾ ಹುಟ್ಟಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಗೊಳ್ಳುತ್ತವೆ. ದ್ರವದ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್ ಎರಡೂ ಒಂದು ವಾರ ಸತತ 0 ತೋರಿಸಬೇಕು. ಈ ಕಾಯುವಿಕೆಯನ್ನು ಬಿಟ್ಟವರ ತೊಟ್ಟಿಯಲ್ಲೇ ಕಪ್ಪೆಯ ತೊಡೆ, ಹೊಟ್ಟೆ ಕೆಂಪಾಗುವುದು ಹೆಚ್ಚು. ಅಮೋನಿಯಾದಿಂದ ಚರ್ಮ ಹಾಳಾದ ಜಾಗದಲ್ಲಿ ಬ್ಯಾಕ್ಟೀರಿಯಾ ಒಳನುಗ್ಗುತ್ತವೆ. ಕಪ್ಪೆ ಬಂದ ಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹೊಸ ನೀರಿನ ಬಿಸಿ ಹಳೆಯದಕ್ಕೆ ಸಮನಾಗಿರಲಿ. ನೀರು ತೆಗೆಯುವ ಮುನ್ನ ಹೀಟರ್ ಆರಿಸಿ.

ಈಗಾಗಲೇ ಕಪ್ಪೆಗಳಿರುವ ತೊಟ್ಟಿಗೆ ಹೊಸದನ್ನು ಸೇರಿಸುವುದಾದರೆ 15 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಬೇರೆ ಸ್ಪಂಜ್ ಫಿಲ್ಟರ್, ಬೇರೆ ಬಲೆ ಇಟ್ಟುಕೊಂಡು ಕನಿಷ್ಠ 30 ದಿನ ಪ್ರತ್ಯೇಕವಾಗಿಡಿ. ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಶಿಲೀಂಧ್ರ ಸಾಕುಗಪ್ಪೆಗಳ ಮೂಲಕವೂ ಹರಡುತ್ತದೆ. ಅತಿಯಾಗಿ ಚರ್ಮ ಕಳಚುವುದು, ಊಟ ಬಿಡುವುದು, ಮೇಲ್ಮೈಯಲ್ಲೇ ಜೋತುಬೀಳುವುದು ಕಂಡರೆ ಎಚ್ಚರವಾಗಿ. ಈ ಡಬ್ಬಿಯ ನೀರನ್ನು ಬ್ಲೀಚ್ ಬೆರೆಸಿ ಒಂದಿಷ್ಟು ಹೊತ್ತು ಬಿಟ್ಟು ಒಳಚರಂಡಿಗೆ ಸುರಿಯಿರಿ, ತೋಟಕ್ಕೋ ಮಳೆನೀರಿನ ಕಾಲುವೆಗೋ ಬೇಡ. ತೊಟ್ಟಿಯ ಬಕೆಟ್, ಪೈಪ್, ಸ್ಪಂಜುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ: 2009ರಿಂದ 2011ರ ನಡುವೆ ಅಮೆರಿಕದಲ್ಲಿ ಕುಬ್ಜಗಪ್ಪೆಗಳ ಮೂಲಕ ಹರಡಿದ ಸಾಲ್ಮೊನೆಲ್ಲಾ ಸೋಂಕಿಗೆ ಸಿಕ್ಕವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳು. ತೊಟ್ಟಿಗೆ ಕೈ ಹಾಕುವ ಮೊದಲು ಸೋಪಿಲ್ಲದೆ ಬರೀ ನೀರಿನಲ್ಲಿ, ತೆಗೆದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.